ಅಡಿಕೆ ಮರದಿಂದ ಬಿದ್ದವರ ಮನೆಗೆ ನೆರವು ಎಲ್ಲಿಂದ, ಯಾವ ಕ್ರಮದಲ್ಲಿ?

ಪ್ರಶ್ನೆ: ನಮ್ಮದು ಸಾಗರ ತಾಲ್ಲೂಕು ತುಮರಿ ಕಡೆಯ ಒಂದು ಹಳ್ಳಿ. ನಮ್ಮ ಯಜಮಾನರಿಗೆ 34 ವರ್ಷ, ಕೊನೆ ತೆಗೆಯುವ, ಅಂದರೆ ಅಡಿಕೆ ಗೊನೆ ಕೊಯ್ಯುವ ಕೆಲಸ. ದೀಪಾವಳಿ ಕಳೆದ ಮೇಲೆ ಬೇರೆಯವರ ತೋಟದಲ್ಲಿ ಅಡಿಕೆ ಮರದಿಂದ ಬಿದ್ದು ಬೆನ್ನುಮೂಳೆ ಮುರಿಯಿತು. ಆಪರೇಷನ್ ಆಗಿದೆ. ಸೊಂಟದಿಂದ ಕೆಳಗೆ ಸ್ವಾಧೀನ ಇಲ್ಲ, ಮುಟ್ಟಿದರೂ ತಿಳಿಯುವುದಿಲ್ಲ. ಐದು ತಿಂಗಳಿಂದ ಮನೆಯಲ್ಲೇ ಇದ್ದಾರೆ. ಒಬ್ಬರು ಪಂಚಾಯ್ತಿಗೆ ಹೋಗಿ ಅಂತಾರೆ, ಒಬ್ಬರು ಶಿವಮೊಗ್ಗಕ್ಕೆ, ಇನ್ನೊಬ್ಬರು ಆನ್‌ಲೈನ್ ಅಂತಾರೆ. ಎಲ್ಲ ಮಾಹಿತಿಯೂ ಸಿಗುವ ಒಂದೇ ಜಾಗ ಇಲ್ಲವೇ? ಸ್ಟೆಮ್ ಸೆಲ್ ಇಂಜೆಕ್ಷನ್ ಕೊಟ್ಟರೆ ಎದ್ದು ನಡೆಯುತ್ತಾರೆ, ಮೂರು ಲಕ್ಷ ಆಗುತ್ತದೆ ಎಂದು ಪರಿಚಯದವರು ಹೇಳಿದ್ದಾರೆ. ಬಂಗಾರ ಅಡ ಇಡಲೇ? ಮಗಳು ಒಂದನೇ ಕ್ಲಾಸು. ಅವರ ಬೆನ್ನಿನ ಕೆಳಗೆ ರೂಪಾಯಿ ಅಗಲದ ಒಂದು ಹುಣ್ಣು ಕೂಡ ಆಗಿದೆ.

ಉತ್ತರ: ತಂಗೀ, ನೀವು ಕೊನೆಗೆ ‘ಕೂಡ’ ಸೇರಿಸಿ ಬರೆದ ಆ ಹುಣ್ಣೇ ಮೊದಲ ಕೆಲಸ. ಪಿಂಚಣಿ ಎರಡು ತಿಂಗಳು ತಡವಾದರೆ ಕಷ್ಟವಾಗುತ್ತದೆ, ಆದರೆ ಸುಧಾರಿಸಿಕೊಳ್ಳಬಹುದು. ಹುಣ್ಣು ಎರಡು ತಿಂಗಳು ಹಾಗೇ ಉಳಿದರೆ ಎಲುಬಿನವರೆಗೆ ಇಳಿಯುತ್ತದೆ, ನಂಜು ರಕ್ತಕ್ಕೆ ಸೇರುತ್ತದೆ. ಬೆನ್ನುಹುರಿಗೆ ಪೆಟ್ಟಾದವರು ಮನೆಗೆ ಬಂದ ಮೇಲೆ ಜೀವಕ್ಕೆ ಅಪಾಯ ತಂದುಕೊಳ್ಳುವುದು ಹೆಚ್ಚಾಗಿ ಎರಡು ದಾರಿಯಿಂದ: ಒತ್ತು ಹುಣ್ಣು ಮತ್ತು ಮೂತ್ರದ ಸೋಂಕು.

ಹುಣ್ಣು ಆಗಿರುವುದು ಮೈಭಾರ ಒಂದೇ ಕಡೆ ಕೂತಿದ್ದರಿಂದ. ಆ ಭಾರ ತೆಗೆಯದೆ ಯಾವ ಮುಲಾಮು ಹಚ್ಚಿದರೂ ಪ್ರಯೋಜನವಿಲ್ಲ. ಮಲಗಿದ್ದಾಗ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ರಾತ್ರಿಯೂ. ಹುಣ್ಣು ಮಾಯುವವರೆಗೆ ಅಂಗಾತ ಮಲಗಿಸಬೇಡಿ, ಆ ಭಾಗದ ಮೇಲೆ ಕೂರಿಸಬೇಡಿ. ಅರಿಶಿನ, ಬೂದಿ, ಪೌಡರ್ ತುಂಬುವುದು ಬೇಡ. ನಿಮ್ಮ ಆಶಾ ಕಾರ್ಯಕರ್ತೆಗೆ ಹೇಳಿ, ಉಪಕೇಂದ್ರದ ಸಮುದಾಯ ಆರೋಗ್ಯಾಧಿಕಾರಿಯನ್ನು ಮನೆಗೇ ಕರೆಸಿ ತೋರಿಸಿ. ಡ್ರೆಸ್ಸಿಂಗ್ ಮಾಡುವುದನ್ನು ನೀವೇ ಕಲಿತುಕೊಳ್ಳಬಹುದು. ವಾಸನೆ ಬಂದರೆ, ಸುತ್ತ ಕಪ್ಪಾದರೆ, ಜ್ವರ ಬಂದರೆ ಕಾಯಬೇಡಿ, ಸಾಗರದ ಆಸ್ಪತ್ರೆಗೆ ಹೊರಡಿ. ಮೊದಲಾದರೆ ಹಿನ್ನೀರು ದಾಟಿಸುವ ಲಾಂಚ್ ನಿಂತ ಮೇಲೆ ಬೆಳಗಾಗುವುದನ್ನೇ ಕಾಯಬೇಕಿತ್ತು. 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದ ಮೇಲೆ ರಾತ್ರಿಯೂ ಆಂಬುಲೆನ್ಸ್ ದಾಟುತ್ತದೆ. ಊಟದಲ್ಲಿ ಮೊಟ್ಟೆ, ಮೀನು, ಹುರುಳಿ, ಬೇಳೆ ಹೆಚ್ಚಿಸಿ. ಹೊಸ ಚರ್ಮ ಬೆಳೆಯಲು ಪ್ರೋಟೀನ್ ಬೇಕು.

ಏರ್ ಬೆಡ್ ತೆಗೆದುಕೊಳ್ಳಿ ಎಂದು ಎಲ್ಲರೂ ಹೇಳುತ್ತಾರೆ. ಒಳ್ಳೆಯದೇ, ಆದರೆ ಅದು ಕರೆಂಟಿನ ಮೇಲೆ ನಿಂತಿದೆ. ಆಷಾಢದ ಗಾಳಿಮಳೆಗೆ ಲೈನ್ ಮೇಲೆ ಮರ ಬಿದ್ದು ಎರಡು ದಿನ ಕರೆಂಟ್ ಹೋಗುವುದು ನಿಮ್ಮ ಕಡೆ ಹೊಸದಲ್ಲ. ಆಗ ಗಾಳಿ ಇಳಿದು ಮಂಚದ ಹಲಗೆಯೇ ಮೈಗೆ ಸಿಗುತ್ತದೆ. ಅದಕ್ಕೆ ಅಡಿಯಲ್ಲಿ ದಪ್ಪನೆಯ ಫೋಮ್ ಹಾಸಿಗೆ ಇರಲೇಬೇಕು. ಮಳೆಗಾಲದ ಇನ್ನೆರಡು ಅಪಾಯ ಪೇಟೆಯ ಡಾಕ್ಟರಿಗೆ ಹೊಳೆಯುವುದಿಲ್ಲ, ಆದ್ದರಿಂದ ನಾನೇ ಹೇಳುತ್ತೇನೆ. ಒಂದು, ಬಚ್ಚಲ ಒಲೆಯ ಮುಂದೆ ಚಳಿ ಕಾಯಿಸುವುದು, ಬಿಸಿನೀರಿನ ಬಾಟಲಿ ಕಾಲಿಗೆ ಇಡುವುದು: ಸ್ಪರ್ಶವಿಲ್ಲದ ಕಾಲು ಸುಟ್ಟರೂ ಅವರಿಗೆ ತಿಳಿಯುವುದಿಲ್ಲ. ಇನ್ನೊಂದು ಉಂಬಳ, ಅಂದರೆ ರಕ್ತ ಹೀರುವ ಜಿಗಣೆ. ದಿನಕ್ಕೊಮ್ಮೆ ಕಾಲು, ಹಿಮ್ಮಡಿ, ಬೆನ್ನು ನೋಡುವುದು ಹಲ್ಲುಜ್ಜುವಷ್ಟೇ ಅಭ್ಯಾಸವಾಗಲಿ. ಕೈಗನ್ನಡಿ ಕೊಟ್ಟರೆ ಅವರೇ ನೋಡಿಕೊಳ್ಳುತ್ತಾರೆ.

ಮೂತ್ರಕ್ಕೆ ಪೈಪ್ ಹಾಕಿಯೇ ಕಳಿಸಿದ್ದಾರೋ ಏನೋ ನೀವು ಬರೆದಿಲ್ಲ. ಪೈಪ್ ಸದಾ ಒಳಗೇ ಇದ್ದರೆ ಸೋಂಕು ಮರುಕಳಿಸುತ್ತದೆ. ಕೈ ಚೆನ್ನಾಗಿರುವವರಿಗೆ ನಾಲ್ಕರಿಂದ ಆರು ಗಂಟೆಗೊಮ್ಮೆ ತಾವೇ ತೆಳು ಪೈಪ್ ಹಾಕಿ ಮೂತ್ರ ತೆಗೆದು ಮತ್ತೆ ಹೊರಗೆಳೆಯುವ ವಿಧಾನ ಉತ್ತಮ. ಇದನ್ನು ಓದಿ ಕಲಿಯಲಾಗದು, ತರಬೇತಾದ ನರ್ಸ್ ಎದುರು ಕಲಿಯಬೇಕು. ಅದಕ್ಕಾಗಿಯೇ ಪುನರ್ವಸತಿ ಕೇಂದ್ರ ಬೇಕು ಅನ್ನುವುದು.

ನಮ್ಮಲ್ಲಿ ಆಪರೇಷನ್ ಆದ ಮೇಲೆ ‘ಇನ್ನು ಮನೆಗೆ ಹೋಗಿ’ ಅನ್ನುತ್ತಾರೆ, ಮುಂದಿನ ಕೆಲಸದ ಹೆಸರನ್ನೂ ಹೇಳುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಮಲೆನಾಡಿನ ಇಂಥ ಮನೆಗಳಿಗೆ ಆಗುವ ದೊಡ್ಡ ನಷ್ಟ ಇದೇ. ಮಂಚದಿಂದ ಗಾಲಿಕುರ್ಚಿಗೆ ಇಳಿಯುವುದು, ಬಚ್ಚಲಿಗೆ ಹೋಗುವುದು, ತೋಳಬಲದಲ್ಲಿ ಮೈ ಎತ್ತಿ ಭಾರ ಕಡಿಮೆ ಮಾಡಿಕೊಳ್ಳುವುದು, ಇವನ್ನೆಲ್ಲ ಕೆಲವು ವಾರ ಅಲ್ಲೇ ಉಳಿಸಿಕೊಂಡು ಕಲಿಸುವ ಜಾಗಗಳಿವೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರರೋಗಿಗಳ ಪುನರ್ವಸತಿ ವಿಭಾಗವಿದೆ. ಪೋಲಿಯೋ ಪೀಡಿತರಾಗಿದ್ದ ಎನ್.ಎಸ್. ಹೇಮಾ ಅವರು 1959ರಲ್ಲಿ ಕಟ್ಟಿದ ‘ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ’, ಎಲ್ಲರೂ ಎಪಿಡಿ ಅನ್ನುವ ಸಂಸ್ಥೆ, ಬೆನ್ನುಹುರಿ ಪೆಟ್ಟಾದವರಿಗೆಂದೇ ತರಬೇತಿ ಕೊಡುತ್ತದೆ. ವೆಲ್ಲೂರಿನ ಸಿಎಂಸಿ ಆಸ್ಪತ್ರೆಯ ಪುನರ್ವಸತಿ ಕೇಂದ್ರ ದೇಶದ ಹಳೆಯ ಕೇಂದ್ರಗಳಲ್ಲಿ ಒಂದು. ಅದರ ಹಿಂದಿದ್ದ ಡಾ. ಮೇರಿ ವರ್ಗೀಸ್ ಸ್ವತಃ ಅಪಘಾತದಲ್ಲಿ ಕಾಲಿನ ಸ್ವಾಧೀನ ಕಳೆದುಕೊಂಡು ಗಾಲಿಕುರ್ಚಿಯಲ್ಲೇ ಶಸ್ತ್ರಚಿಕಿತ್ಸೆ ಮಾಡಿದವರು. ಹತ್ತಿರದ್ದೇ ಬೇಕೆಂದರೆ ದಾವಣಗೆರೆಯಲ್ಲಿ ಕೇಂದ್ರ ಸರ್ಕಾರದ ಸಂಯೋಜಿತ ಪ್ರಾದೇಶಿಕ ಕೇಂದ್ರ ಇದೆ, ಸಿಆರ್‌ಸಿ ಎಂದು ಕೇಳಿ. ಅಲ್ಲಿ ತಪಾಸಣೆ, ಫಿಸಿಯೋಥೆರಪಿ, ಸಲಕರಣೆಯ ಮಾರ್ಗದರ್ಶನ ಸಿಗುತ್ತದೆ. ಪೆಟ್ಟಾದ ಮೊದಲ ವರ್ಷದಲ್ಲೇ ಮೈ ಹೆಚ್ಚು ಚೇತರಿಸಿಕೊಳ್ಳುವುದರಿಂದ ಈಗಲೇ ಫೋನ್ ಮಾಡಿ ಹಾಸಿಗೆ ಯಾವಾಗ ಸಿಗುತ್ತದೆ ಎಂದು ಕೇಳಿ. ಹುಣ್ಣು ಮಾಯದೆ ತರಬೇತಿ ಶುರು ಮಾಡುವುದು ಕಷ್ಟ, ಅದೂ ನೆನಪಿರಲಿ.

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರುತ್ತೇನೆ. ಎಲ್ಲ ಮಾಹಿತಿ ಸಿಗುವ ಒಂದು ಕಚೇರಿ ನಮ್ಮ ಜಿಲ್ಲೆಯಲ್ಲಿಲ್ಲ. ಅಂಗವೈಕಲ್ಯ ಪ್ರಮಾಣಪತ್ರ ಆರೋಗ್ಯ ಇಲಾಖೆಯದು, ಮಾಸಿಕ ವೇತನ ಕಂದಾಯ ಇಲಾಖೆಯದು, ಗಾಲಿಕುರ್ಚಿ ವಿಕಲಚೇತನರ ಇಲಾಖೆಯದು, ವಿಮೆ ಬ್ಯಾಂಕಿನದು, ಮಗಳಿಗೆ ಸಿಗಬಹುದಾದ ನೆರವು ಮಕ್ಕಳ ರಕ್ಷಣಾ ಘಟಕದ್ದು. ಒಂದು ಟೇಬಲಿನವರಿಗೆ ಪಕ್ಕದ ಟೇಬಲಿನ ವಿಷಯ ಗೊತ್ತಿರುವುದಿಲ್ಲ; ನಿಮಗೆ ಒಬ್ಬೊಬ್ಬರು ಒಂದೊಂದು ಹೇಳಿದ್ದು ಅದಕ್ಕೇ. ಅವರಲ್ಲಿ ಯಾರೂ ಸುಳ್ಳು ಹೇಳಿಲ್ಲ.

ಈ ಎಲ್ಲ ಟೇಬಲುಗಳನ್ನೂ ಸುತ್ತಿದ ಒಬ್ಬರು ನಿಮ್ಮ ಗ್ರಾಮ ಪಂಚಾಯ್ತಿಯಲ್ಲೇ ಇರುತ್ತಾರೆ. ವಿಆರ್‌ಡಬ್ಲ್ಯು ಎಂದು ಕೇಳಿ, ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು. ಅವರೂ ವಿಕಲಚೇತನರೇ ಆಗಿರುತ್ತಾರೆ. ತಾಲ್ಲೂಕು ಪಂಚಾಯ್ತಿಯಲ್ಲಿ ಅವರ ಮೇಲೆ ಎಂಆರ್‌ಡಬ್ಲ್ಯು, ಅಂದರೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ಶಿವಮೊಗ್ಗದಲ್ಲಿ ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿ. ಸಣ್ಣ ಗೌರವಧನಕ್ಕೆ ಗುಡ್ಡದ ಮೇಲೊಂದು, ಕಣಿವೆಯಲ್ಲೊಂದು ಮನೆ ಇರುವ ಊರುಗಳನ್ನು ಸುತ್ತುವವರು ಇವರು. ‘ನಮ್ಮ ಮನೆಗೆ ಬರಲೇ ಇಲ್ಲ’ ಎಂದು ಸಿಟ್ಟಾಗುವ ಮೊದಲು ನೀವೇ ಒಮ್ಮೆ ಫೋನ್ ಮಾಡಿ. ಪಂಚಾಯ್ತಿಯ ವಿಕಲಚೇತನರ ಪಟ್ಟಿಯಲ್ಲಿ ನಿಮ್ಮ ಯಜಮಾನರ ಹೆಸರು ಸೇರಿದೆಯೇ ಎಂದು ನೋಡಿ. ಗ್ರಾಮ ಪಂಚಾಯ್ತಿ ತನ್ನ ಸ್ವಂತ ಸಂಪನ್ಮೂಲದಲ್ಲಿ ಶೇಕಡಾ 5ನ್ನು ವಿಕಲಚೇತನರಿಗೆ ಮೀಸಲಿಡಬೇಕು. ಆ ಹಣ ಖರ್ಚಾಗದೆ ಉಳಿಯುವುದೂ ಉಂಟು, ಕೇಳುವವರಿಲ್ಲದೆ. ಪಿಡಿಒ ಅವರಿಗೆ ಒಂದು ಅರ್ಜಿ ಬರೆದು ರ‍್ಯಾಂಪ್‌ಗೋ ಶೌಚಾಲಯಕ್ಕೋ ಎಂದು ಸ್ಪಷ್ಟವಾಗಿ ನಮೂದಿಸಿ, ಸ್ವೀಕೃತಿ ಪಡೆಯಿರಿ. ಗ್ರಾಮಸಭೆಯಲ್ಲೂ ಎದ್ದು ಹೇಳಿ.

ಕಾಗದದ ಕೆಲಸದಲ್ಲಿ ಮೊದಲು ಯುಡಿಐಡಿ. ಇದು ವಿಕಲಚೇತನರಿಗೆ ಕೊಡುವ, 18 ಅಕ್ಷರ-ಅಂಕಿಗಳ ಸಂಖ್ಯೆ ಇರುವ ಗುರುತಿನ ಚೀಟಿ. 2021ರಿಂದ ಅಂಗವೈಕಲ್ಯ ಪ್ರಮಾಣಪತ್ರವೂ ಕೇಂದ್ರ ಸರ್ಕಾರದ ಸ್ವಾವಲಂಬನ್ ಪೋರ್ಟಲ್ ಮೂಲಕವೇ ಬರಬೇಕು. ಗ್ರಾಮ ಒನ್ ಕೇಂದ್ರದಲ್ಲೋ ವಿಆರ್‌ಡಬ್ಲ್ಯು ಕೈಯಲ್ಲೋ ಅರ್ಜಿ ಹಾಕಿಸಿ, ನಂತರ ಆಸ್ಪತ್ರೆಯಲ್ಲಿ ತಪಾಸಣೆ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯವರೆಗೆ ಮಲಗಿಸಿಕೊಂಡು ಹೋಗುವ ಮೊದಲು ತಾಲ್ಲೂಕು ಮಟ್ಟದ ತಪಾಸಣಾ ಶಿಬಿರ ಇದೆಯೇ ಎಂದು ಕೇಳಿ. ಹೋಗುವಾಗ ಡಿಸ್ಚಾರ್ಜ್ ಸಮ್ಮರಿ ಮತ್ತು ಎಂಆರ್‌ಐ ವರದಿಯ ಮೂಲ ಪ್ರತಿ ಒಯ್ಯಿರಿ, ಜೆರಾಕ್ಸ್ ಕೊಡಿ, ಮೂಲ ಪ್ರತಿ ಯಾರ ಕೈಗೂ ಬಿಡಬೇಡಿ. ಆಧಾರ್, ರೇಷನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್ ಮೂರರಲ್ಲೂ ಹೆಸರಿನ ಕಾಗುಣಿತ ಒಂದೇ ಇರಲಿ. ಒಂದರಲ್ಲಿ ‘ಎಂ’ ಮೊದಲು, ಇನ್ನೊಂದರಲ್ಲಿ ಕೊನೆಗೆ ಎಂಬ ಇನಿಷಿಯಲ್ ಜಗಳಕ್ಕೆ ಅರ್ಜಿಗಳು ತಿಂಗಳುಗಟ್ಟಲೆ ನಿಲ್ಲುತ್ತವೆ. ಪ್ರಮಾಣಪತ್ರ ಕೈಗೆ ಬಂದಾಗ ಎರಡನ್ನು ಓದಿ ನೋಡಿ: ಶೇಕಡಾ ಎಷ್ಟು, ಶಾಶ್ವತವೋ ತಾತ್ಕಾಲಿಕವೋ. ತಾತ್ಕಾಲಿಕ ಎಂದಿದ್ದರೆ ಮುಗಿಯುವ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯಗಳಿವೆ, ಬಹುತೇಕ ಸೌಲಭ್ಯಕ್ಕೆ ಕನಿಷ್ಠ ಶೇಕಡಾ 40 ಇರಬೇಕು. ಎರಡೂ ಕಾಲಿನ ಸ್ವಾಧೀನ ಹೋದವರಿಗೆ ಅದು ತೊಡಕಾಗದು.

ಯುಡಿಐಡಿಗೆ ಶುಲ್ಕವಿಲ್ಲ. ‘ಬೇಗ ಮಾಡಿಸಿಕೊಡುತ್ತೇನೆ, ಪರ್ಸೆಂಟೇಜ್ ಜಾಸ್ತಿ ಬರೆಸುತ್ತೇನೆ’ ಎಂದು ಸಾವಿರಗಟ್ಟಲೆ ಕೇಳುವವರು ಆಸ್ಪತ್ರೆ ಗೇಟಿನ ಬಳಿಯೇ ಸಿಗಬಹುದು. ಹತ್ತಿರ ಸೇರಿಸಬೇಡಿ.

ಪ್ರಮಾಣಪತ್ರ ಬಂದ ಮೇಲೆ ನಾಡಕಚೇರಿಯಲ್ಲಿ ಅಂಗವಿಕಲ ವೇತನಕ್ಕೆ ಅರ್ಜಿ. ಶೇಕಡಾ 75ಕ್ಕಿಂತ ಹೆಚ್ಚಿದ್ದರೆ ಮೊತ್ತವೂ ಹೆಚ್ಚು. ಆದಾಯ ಪ್ರಮಾಣಪತ್ರ ಬೇಕು, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರಬೇಕು. ಅರ್ಜಿಯ ಸಂಖ್ಯೆ ಇರುವ ಚೀಟಿಯನ್ನು ಜೋಪಾನ ಮಾಡಿ.

ಇನ್ನು ಹೆಚ್ಚಿನವರು ಮರೆಯುವ ವಿಷಯ. ಯಜಮಾನರ ಪಾಸ್‌ಬುಕ್ ತೆಗೆದು ಪ್ರತಿ ವರ್ಷ ಮೇ ಕೊನೆಯ ಹೊತ್ತಿಗೆ 20 ರೂಪಾಯಿ ಕಟಾವಾಗಿದೆಯೇ ನೋಡಿ. ಖಾತೆ ತೆರೆಯುವಾಗ ಎಷ್ಟೋ ಕಡೆ ಪ್ರಧಾನ ಮಂತ್ರಿ ಸುರಕ್ಷಾ ಬೀಮಾ ಯೋಜನೆಗೆ ಸಹಿ ಹಾಕಿಸಿರುತ್ತಾರೆ, ಹಾಕಿದವರಿಗೇ ನೆನಪಿರುವುದಿಲ್ಲ. ಅಪಘಾತದಲ್ಲಿ ಎರಡೂ ಕಾಲಿನ ಬಳಕೆ ಪೂರ್ತಿಯಾಗಿ ಹೋದರೆ ಈ ವಿಮೆಯಲ್ಲಿ 2 ಲಕ್ಷ ರೂಪಾಯಿ ಬರುತ್ತದೆ. ‘ಎಫ್‌ಐಆರ್ ಇಲ್ಲ’ ಎಂದು ಬ್ಯಾಂಕಿನಲ್ಲಿ ಹಿಂದಕ್ಕೆ ಕಳಿಸಬಹುದು. ಮರದಿಂದ ಬಿದ್ದಂಥ, ಹಾವು ಕಚ್ಚಿದಂಥ ಪ್ರಕರಣಗಳಲ್ಲಿ ತಕ್ಷಣದ ಆಸ್ಪತ್ರೆ ದಾಖಲೆ ಸಾಕು ಎಂದು ಯೋಜನೆಯ ವಿವರಣೆಯಲ್ಲೇ ಇದೆ. ಅದನ್ನು ತೋರಿಸಿ ಕೇಳಿ. ಬಿದ್ದ ದಿನವೇ ಸೇರಿಸಿದ ಆಸ್ಪತ್ರೆಯ ಚೀಟಿಯಲ್ಲಿ ‘ಮರದಿಂದ ಬಿದ್ದು’ ಎಂದು ಬರೆದಿದ್ದರೆ ಅದು ಬಂಗಾರ. 30 ದಿನದೊಳಗೆ ಅರ್ಜಿ ಕೊಡಬೇಕು ಎಂಬ ಗಡುವು ನಿಮಗೆ ಮೀರಿದೆ. ಆದರೂ ಆಸ್ಪತ್ರೆಯಲ್ಲಿದ್ದ ಕಾರಣ ಬರೆದು ಅರ್ಜಿ ಕೊಡಿ. ಆಗದು ಎಂದರೆ ಬಾಯಿಮಾತಿಗೆ ಒಪ್ಪಬೇಡಿ, ಬರವಣಿಗೆಯಲ್ಲಿ ಕೇಳಿ. ಕೊಟ್ಟರೆ ಅದನ್ನೂ, ತೋಟದ ಮಾಲೀಕರಿಂದ ಪರಿಹಾರದ ಪ್ರಶ್ನೆಯನ್ನೂ ಹಿಡಿದುಕೊಂಡು ಸಾಗರದ ನ್ಯಾಯಾಲಯದ ಆವರಣದಲ್ಲಿರುವ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ಮಹಿಳೆಯರಿಗೂ ವಿಕಲಚೇತನರಿಗೂ ಆದಾಯ ಎಷ್ಟೇ ಇರಲಿ ಅಲ್ಲಿ ವಕೀಲರ ನೆರವು ಉಚಿತ. ಹೋಗುವ ಮೊದಲು ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿಯೂ ಕೇಳಬಹುದು.

ಮಗಳ ವಿಷಯ ನೀವು ಒಂದು ಸಾಲಿನಲ್ಲಿ ಮುಗಿಸಿದ್ದೀರಿ. ಮಕ್ಕಳ ರಕ್ಷಣೆಗಾಗಿ ಇರುವ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ‘ಪ್ರಾಯೋಜಕತ್ವ’ ಎಂಬ ನೆರವಿದೆ: ತಂದೆ ಅಥವಾ ತಾಯಿ ದುಡಿಯಲಾಗದ ಸ್ಥಿತಿಯಲ್ಲಿರುವ ಮನೆಯ ಮಗುವಿಗೆ ತಿಂಗಳಿಗೆ 4,000 ರೂಪಾಯಿ. ಹಳ್ಳಿಯಲ್ಲಿ ಕುಟುಂಬದ ವಾರ್ಷಿಕ ಆದಾಯ 72,000 ಮೀರಬಾರದು. ಅರ್ಜಿ ಶಿವಮೊಗ್ಗದ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ಇದು ವಿಕಲಚೇತನರ ಯೋಜನೆಯ ಪಟ್ಟಿಯಲ್ಲಿ ಬರುವುದಿಲ್ಲ, ಆದ್ದರಿಂದ ವಿಆರ್‌ಡಬ್ಲ್ಯುಗೂ ತಿಳಿಯದೆ ಇರಬಹುದು. ಅನುದಾನದ ಮಿತಿ ಇರುವುದರಿಂದ ಕೇಳಿದ ತಕ್ಷಣ ಸಿಗುತ್ತದೆ ಎಂದು ಹೇಳಲಾರೆ, ಅಂಗನವಾಡಿ ಮೇಲ್ವಿಚಾರಕಿಯ ಮೂಲಕವೂ ಪ್ರಯತ್ನಿಸಿ.

ಗಾಲಿಕುರ್ಚಿ ಶಿಬಿರಗಳಲ್ಲಿ ಉಚಿತವಾಗಿ ಸಿಗುತ್ತದೆ, ಜಿಲ್ಲಾ ಕಚೇರಿಯಿಂದಲೂ ಸಿಗುತ್ತದೆ. ಉಚಿತ ಎಂದು ಅಳತೆ ನೋಡದೆ ತರಬೇಡಿ. ಸೊಂಟಕ್ಕಿಂತ ತೀರಾ ಅಗಲವಾದರೆ ಬೆನ್ನು ವಾಲುತ್ತದೆ, ಬಿಗಿಯಾದರೆ ಹುಣ್ಣಾಗುತ್ತದೆ. ಕುರ್ಚಿಗಿಂತ ಮುಖ್ಯ ಅದರ ಮೇಲಿನ ಕುಶನ್, ಅದನ್ನು ಹೆಚ್ಚಿನ ಕಡೆ ಕೊಡುವುದೇ ಇಲ್ಲ, ಕೇಳಿ ಪಡೆಯಿರಿ. ಬಸ್ ಪಾಸ್ ಬಗ್ಗೆ ಎಲ್ಲರೂ ಹೇಳುತ್ತಾರೆ: ವರ್ಷಕ್ಕೆ 660 ರೂಪಾಯಿ, ಮನೆಯಿಂದ 100 ಕಿಲೋಮೀಟರ್ ಒಳಗೆ ಸರ್ಕಾರಿ ಬಸ್ಸಿನಲ್ಲಿ ಓಡಾಟ. ನಮ್ಮ ಸೀಮೆಯಲ್ಲಿ ಬಹಳ ರೂಟು ಖಾಸಗಿ ಬಸ್ಸಿನವರದು, ಅಲ್ಲಿ ಈ ಪಾಸ್ ನಡೆಯದು. ಸರ್ಕಾರಿ ಬಸ್ ಬಂದರೂ ಗಾಲಿಕುರ್ಚಿ ಹತ್ತುವ ಬಾಗಿಲು ಅದಕ್ಕಿಲ್ಲ. ನಿಮಗೆ ರೈಲೇ ವಾಸಿ. ಸಾಗರದಿಂದ ಬೆಂಗಳೂರಿಗೆ ನೇರ ರೈಲಿದೆ, ಜೊತೆಗಾರರಿಲ್ಲದೆ ಪ್ರಯಾಣಿಸಲಾಗದವರಿಗೆ ಸ್ಲೀಪರ್ ಮತ್ತು ಮೂರನೇ ಎಸಿಯಲ್ಲಿ ಶೇಕಡಾ 75 ರಿಯಾಯಿತಿ, ಜೊತೆಗೆ ಹೋಗುವ ಒಬ್ಬರಿಗೂ ಅಷ್ಟೇ. ಅದಕ್ಕೆ ರೈಲ್ವೆಯ ಬೇರೆ ಕಾರ್ಡ್ ಬೇಕು, ಆನ್‌ಲೈನ್‌ನಲ್ಲಿ ಅರ್ಜಿ ಹಾಕಬಹುದು.

ಇಷ್ಟೆಲ್ಲ ಓದಿದರೂ ತಿಳಿಯದ ಕೆಲವು ವಿಷಯ ಇದೇ ದಾರಿಯಲ್ಲಿ ಹೋದವರಿಂದ ಮಾತ್ರ ತಿಳಿಯುತ್ತದೆ. ಅಡಿಕೆ ಸೀಮೆಯಲ್ಲಿ ಮರದಿಂದ ಬಿದ್ದವರು ನಿಮ್ಮ ಯಜಮಾನರೊಬ್ಬರೇ ಅಲ್ಲ. ನಿಮ್ಮ ತಾಲ್ಲೂಕಿನದೇ ಹಂದಿಗೋಡಿನಲ್ಲಿ 1970ರ ದಶಕದಲ್ಲಿ ಬೆಳಕಿಗೆ ಬಂದ, ಸೊಂಟ ಮಂಡಿಗಳ ಕೀಲನ್ನೇ ತಿನ್ನುವ ವಂಶಪಾರಂಪರ್ಯ ಕಾಯಿಲೆಯ ಕುಟುಂಬಗಳು ಪ್ರಮಾಣಪತ್ರ, ವೇತನ ಎಂದು ಎರಡು ತಲೆಮಾರು ಅಲೆದಿವೆ; ಯಾವ ಕಚೇರಿಗೆ ಯಾವ ದಿನ ಹೋದರೆ ಕೆಲಸವಾಗುತ್ತದೆ ಎಂಬುದು ಅಂಥವರಿಗೆ ಗೊತ್ತು. ಬೆನ್ನುಹುರಿ ಪೆಟ್ಟಾದವರೇ ನಡೆಸುವ ‘ದಿ ಸ್ಪೈನಲ್ ಫೌಂಡೇಶನ್’ ಎಂಬ ಸಂಘಟನೆ ದೇಶದಾದ್ಯಂತ ಇದೆ. ತಾಲ್ಲೂಕಿನಲ್ಲಿ ಗಾಲಿಕುರ್ಚಿ ಬಳಸುವ ಇನ್ನೊಬ್ಬರನ್ನು ಪರಿಚಯ ಮಾಡಿಸಿ ಎಂದು ಎಂಆರ್‌ಡಬ್ಲ್ಯುವನ್ನು ಕೇಳಿ. ಆ ಗಾಲಿಕುರ್ಚಿ ಬಳಸುವವರು ನಿಮ್ಮ ಹತ್ತಿರ ಮಾತಾಡುವುದಕ್ಕಿಂತ ನಿಮ್ಮ ಯಜಮಾನರ ಹತ್ತಿರ ಒಬ್ಬರೇ ಕೂತು ಮಾತಾಡಲಿ. ಮೂತ್ರ, ಮಲ, ಗಂಡ ಹೆಂಡಿರ ಸಂಬಂಧ, ಇವನ್ನೆಲ್ಲ ನಿಮ್ಮ ಯಜಮಾನರು ನಿಮ್ಮೆದುರು ಕೇಳಲಾರರು. ಊಟ ಬಿಟ್ಟರೆ, ಮಾತು ಕಡಿಮೆಯಾದರೆ, ‘ನಾನು ಇರಬಾರದಿತ್ತು’ ಎಂದರೆ ಅದನ್ನು ಬೇಸರದ ಮಾತು ಎಂದು ತಳ್ಳಬೇಡಿ. ಟೆಲಿ ಮನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ದಿನವನ್ನೂ ವಿಚಾರಿಸಿ. ನಿಮಗಾಗಿಯೂ ಆ ನಂಬರ್ ಇದೆ.

ಕೆಲಸದ ಮಾತು ಈಗಲೇ ಬೇಡ ಅನಿಸಬಹುದು. ಆದರೂ ಅಡಿಕೆ ಆರಿಸುವುದು, ದರ್ಜೆವಾರು ಬೇರ್ಪಡಿಸುವುದು ನಿಮ್ಮ ಯಜಮಾನರ ಕಣ್ಣಿಗೆ ಬರುವಷ್ಟು ಹೊರಗಿನವರಿಗೆ ಬಾರದು. ಮೆಟ್ಟುಗತ್ತಿಯ ಮುಂದೆ ಮಣೆ ಹಾಕಿ ಕೂತು ಸುಲಿಯುವುದು ಮಾತ್ರ ಬೇಡ; ಗಟ್ಟಿ ಹಲಗೆಯ ಮೇಲೆ ಎರಡು ಗಂಟೆ ಕೂತರೆ ಮತ್ತೆ ಹುಣ್ಣು. ಎತ್ತರದ ಮೇಜು, ಕುಶನ್ ಇರುವ ಕುರ್ಚಿ, ಅರ್ಧ ಗಂಟೆಯೊಳಗೆ ಒಮ್ಮೆ ಮೈ ಎತ್ತುವುದು.

ಕೊನೆಗೆ ಸ್ಟೆಮ್ ಸೆಲ್. ಬಂಗಾರ ಅಡ ಇಡಬೇಡಿ. ಬೆನ್ನುಹುರಿ ಪೆಟ್ಟಿಗೆ ಇದು ನಮ್ಮ ದೇಶದಲ್ಲಿ ಒಪ್ಪಿತ ಚಿಕಿತ್ಸೆಯಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯ ಪ್ರಕಾರ ಇಂಥ ಕಾಯಿಲೆಗೆ ಅನುಮೋದಿತ ಪ್ರಯೋಗದ ಹೊರಗೆ ಅದನ್ನು ಕೊಡುವಂತಿಲ್ಲ. ಅನುಮೋದಿತ ಪ್ರಯೋಗವಾದರೆ ರೋಗಿಯಿಂದ ದುಡ್ಡು ಕೇಳುವುದಿಲ್ಲ. ಅಲ್ಲಿಗೆ ಮೂರು ಲಕ್ಷ ಕೇಳಿದ್ದೇ ಉತ್ತರ. ಯಜಮಾನರು ಮುಂದೆ ಎಷ್ಟು ಚೇತರಿಸಿಕೊಳ್ಳುತ್ತಾರೆ ಎಂಬುದನ್ನು ಆಪರೇಷನ್ ಮಾಡಿದ ವೈದ್ಯರ ಹತ್ತಿರ ನೇರವಾಗಿ ಕೇಳಿ: ಹುರಿ ಪೂರ್ತಿ ಹೋಗಿದೆಯೋ, ಭಾಗಶಃ ಉಳಿದಿದೆಯೋ? ಆ ಒಂದು ಉತ್ತರದ ಮೇಲೆ ಉಳಿದದ್ದು ನಿಂತಿದೆ.

ಮನೆಯಲ್ಲಿ ಖರ್ಚು ಮಾಡುವಷ್ಟು ದುಡ್ಡಿದ್ದರೆ ಕುಶನ್ ಆದ ಮೇಲೆ ಬಚ್ಚಲಿಗೆ ಹಾಕಿ. ಬಾಗಿಲು 32 ಇಂಚಿಗೆ ಕಡಿಮೆ ಇರಬಾರದು, ಹೊಸಿಲು ತೆಗೆಸಿ, ಗೋಡೆಗೆ ಹಿಡಿ ಹಾಕಿಸಿ, ಕಮೋಡ್ ಎತ್ತರ ಕುರ್ಚಿಯ ಸೀಟಿಗೆ ಸಮ ಇರಲಿ. ಅಂಗಳದಿಂದ ಜಗಲಿಗೆ ಇಳಿಜಾರು ಮಾಡಿಸುವಾಗ ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ. ಮೇಸ್ತ್ರಿ ಆರು ಅಡಿ ಸಾಕು ಎಂದರೆ ಕೇಳಬೇಡಿ. ಮೇಲ್ಮೈ ನುಣುಪು ಮಾಡಿಸಬೇಡಿ, ಜುಲೈನಲ್ಲಿ ಪಾಚಿ ಕಟ್ಟುತ್ತದೆ. ಕಸಬರಿಗೆಯಿಂದ ಅಡ್ಡ ಗೀರು ಎಳೆಸಿ, ಮೇಲೊಂದು ಶೀಟಿನ ಚಾವಣಿ ಹಾಕಿಸಿ. ಸಿಮೆಂಟು ಕೆಲಸ ಮೇ ಮುಗಿಯುವುದರೊಳಗೆ ಆಗಬೇಕು.